ಇಪ್ಪತ್ತು ಜೀವವೋ, ಒಂದೋ

ಜಿರಳೆಯಲ್ಲಿ ಯಾವ ಜಾತಿ ಒಳ್ಳೆಯದು ಎಂದು ವಿಚಾರಿಸಿ ಬೆಳ್ತಂಗಡಿಯವರೆಗೆ ಹೋಗುವ ಕರ್ಮ ಮೂಡುಬಿದಿರೆಯ ಬೇರೆ ಯಾವ ಜೈನನಿಗೂ ಬಂದಿರಲಿಕ್ಕಿಲ್ಲ. ನನಗೆ ಬಂತು. ನರಿಕೊಂಬಿನ ನನ್ನ ಬ್ಯಾರಿ ಗೆಳೆಯ, ಅಣ್ಣನ ಅಂಗಡಿ ನೋಡಿಕೊಳ್ಳಲು ಮೂರು ತಿಂಗಳ ಮಟ್ಟಿಗೆ ದುಬೈಗೆ ಹೊರಟವನು, ತಾನು ಸಾಕಿದ, ಬಿಯರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಓತಿಯ ಮರಿಯನ್ನು ಗಾಜಿನ ಪೆಟ್ಟಿಗೆ ಸಮೇತ ನನ್ನ ಮೇಜಿನ ಮೇಲಿಟ್ಟ. “ಸೊಪ್ಪು ತಿನ್ನುವ ಪ್ರಾಯ ಆಗಲಿಲ್ಲ ಮಾರಾಯ, ಜೀವಂತ ಹುಳವೇ ಬೇಕು. ನೀನು ಅಂತ ನಂಬಿ ಬಿಟ್ಟು ಹೋಗ್ತಿದ್ದೇನೆ” ಎಂದ. ದಾಕ್ಷಿಣ್ಯಕ್ಕೆ ಬಸಿರಾಗುವುದು ಎಂದರೆ ಇದೇ.

ಅಡುಗೆಮನೆಯ ಜಿರಳೆ ಹಿಡಿದು ಹಾಕುವಂತಿಲ್ಲ. ಯಾರ ಮನೆಯ ವಿಷ ತಿಂದು ಬಂದಿರುತ್ತದೋ. ಸಾಕಿದ ಜಿರಳೆಯೇ ಆಗಬೇಕು. ಬೆಳ್ತಂಗಡಿಯಲ್ಲಿ ಅವನ್ನು ಸಾಕಿ ಮಾರುವವನೊಬ್ಬ ಫೋನಿನಲ್ಲಿ ಎರಡು ಜಾತಿ ಹೇಳಿದ. ಒಂದು ಡುಬಿಯಾ: ಗಾಜು ಹತ್ತುವುದಿಲ್ಲ, ಮರಿಗಳು ಮೆತ್ತಗೆ. ಇನ್ನೊಂದು ಬುಸುಗುಡುವ ಜಿರಳೆ, ಹೆಬ್ಬೆರಳಿಗಿಂತ ದೊಡ್ಡದು. ನಾನು ಡುಬಿಯಾ ಎಂದು ನಿರ್ಧರಿಸುವಷ್ಟರಲ್ಲಿ ಅಮ್ಮ ಕೇಳಿದರು, “ಒಂದು ಹೊತ್ತಿಗೆ ಎಷ್ಟು ಬೇಕು?”

“ಸಣ್ಣದಾದ್ರೆ ಇಪ್ಪತ್ತು. ದೊಡ್ಡದಾದ್ರೆ ಒಂದು ಸಾಕೋ ಏನೋ.”

“ಮತ್ತೆ ಆಲೋಚನೆ ಎಂಥದು? ದೊಡ್ಡದೇ ತಾ. ಒಂದು ಹೊಟ್ಟೆಗೆ ಇಪ್ಪತ್ತು ಜೀವ ಯಾಕೆ ತೆಗೆಯುವುದು?”

ಓತಿಯ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ಹುಳ ದೊಡ್ಡದಿರಬಾರದು ಎಂದು ಗೆಳೆಯ ಹೇಳಿಯೇ ಹೋಗಿದ್ದ. ಅದನ್ನೂ ಹೇಳಿದೆ. “ಅಭ್ಯಾಸ ಆಗ್ತದೆ” ಎಂದರು. ಅಹಿಂಸೆಯ ವಿಷಯದಲ್ಲಿ ಅಮ್ಮನೊಡನೆ ವಾದಿಸಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ವೇಣೂರಿನ ಮೇಲಾಗಿ ಬರುವ ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡದನ್ನೇ ತಂದೆ.

ಆಮೇಲೆ ಅವುಗಳ ಊಟದ ರಗಳೆ. ಕ್ಯಾರೆಟ್, ಬಟಾಟೆ ಹಾಕಿ ಎಂದಿದ್ದ ಮಾರುವವನು. ನೆಲದಡಿಯ ಗಡ್ಡೆ ಒಳಗೆ ಬಾರದ ಮನೆ ನಮ್ಮದು. ಜಿರಳೆಗೂ ಅದೇ ನೇಮ. ಅಮ್ಮ ಸೌತೆ, ಸಿಹಿಕುಂಬಳ ಹೆಚ್ಚಿ, ಹೊತ್ತು ಮುಳುಗುವ ಮೊದಲೇ ಬಡಿಸುತ್ತಿದ್ದರು. ಕತ್ತಲಾದ ಮೇಲೆ ಓಡಾಡುವ ಪ್ರಾಣಿಗೆ! ಓತಿಯ ಪೆಟ್ಟಿಗೆಗೆ ಬಿಟ್ಟರೆ ಅವು ಗಾಜು ಹತ್ತಿ ಮುಚ್ಚಳಕ್ಕೆ ಅಂಟಿಕೊಂಡು ಬುಸ್ ಎನ್ನುತ್ತಿದ್ದವು. ಓತಿ ಮೂಲೆಗೆ ಸರಿದು ಕಣ್ಣು ಮುಚ್ಚುತ್ತಿತ್ತು. ಯಾರು ಯಾರ ಆಹಾರ ಎಂಬುದೇ ತಿಳಿಯದಾಯಿತು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು ನನಗೆ, ಗೆಳೆಯನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕೂ ತಲೆಯಾಡಿಸಿದ ನನ್ನ ಮೇಲೆ.

ಎಂಟನೆಯ ದಿನ ಓತಿಯ ಬಾಲದ ಬುಡ ಬತ್ತಿ, ಎಲುಬು ಕಾಣತೊಡಗಿತು. ಪೆಟ್ಟಿಗೆಯನ್ನು ಎತ್ತಿ ತಂದು ಅಮ್ಮನ ಮುಂದಿಟ್ಟೆ. “ನೋಡಿ, ಇದು ಜೀವ ಅಲ್ವಾ?” ನನ್ನ ದನಿ ಏರಿಬಿಟ್ಟಿತ್ತು.

ಅಮ್ಮ ಬಗ್ಗಿ ಆ ಬಾಲದ ಬುಡ ನೋಡಿದರು. “ಹೋಗಿ ಸಣ್ಣದು ತಾ” ಎಂದರು.

ಅಂದೇ ಹೋಗಿ ತಂದೆ. ಚಿಮುಟದಲ್ಲಿ ಮೊದಲನೆಯದನ್ನು ಹಿಡಿದೆ. ಅದು ಕಾಲು ಆಡಿಸುತ್ತಿತ್ತು; ಇಷ್ಟು ದಿನ ಹಾರಾಡಿದ ನಾನೇ ಅದನ್ನು ಮತ್ತೆ ಡಬ್ಬಿಗೆ ಬಿಡಹೋದೆ. ಅಮ್ಮ ಹಿಂದಿನಿಂದ ಬಂದು ಚಿಮುಟ ತೆಗೆದುಕೊಂಡರು.

“ನೀನು ಆಚೆ ಹೋಗು. ಪಾಪ ಬರುವುದಾದ್ರೆ ನನಗೆ ಬರಲಿ. ನಿನಗೆ ಇನ್ನೂ ಪ್ರಾಯ ಉಂಟು.”

ನಾನು ಹೋಗಲಿಲ್ಲ. ಓತಿ ಒಂದೇ ನೆಗೆತಕ್ಕೆ ಕಚ್ಚಿತು. ಅಮ್ಮ ಕಣ್ಣು ಮುಚ್ಚಿ ತುಟಿ ಅಲುಗಿಸಿದರು, ಮತ್ತೆ ಕಣ್ಣು ತೆರೆದು ಎರಡನೆಯದನ್ನು ಹಿಡಿದರು.