ನವಸಾಗರ ಸಿಕ್ಕ ಬೇಸಿಗೆ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ವಾರದಲ್ಲೇ ನಮ್ಮ ಸೈನ್ಸ್ ಮೇಷ್ಟ್ರಿಗೆ ಮಾಲೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವರು ಬೈರಕೂರಿನ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದು, ರಟ್ಟು ಕಿತ್ತುಹೋಗಿದ್ದ ಪಿಯುಸಿ ಕೆಮಿಸ್ಟ್ರಿ ಪುಸ್ತಕವನ್ನೂ ಒಂದು ಇಂಗ್ಲಿಷ್-ಕನ್ನಡ ನಿಘಂಟನ್ನೂ ನನ್ನ ಕೈಗಿಟ್ಟರು.

“ಕಾಲೇಜಲ್ಲಿ ಎಲ್ಲಾ ಇಂಗ್ಲಿಷಲ್ಲೇ ಹೇಳ್ತಾರೆ ಕಣಮ್ಮ. ಬೇಸಿಗೆ ಕಳೆಯೋದ್ರೊಳಗೆ ಮೊದಲ್ನೇ ನಾಲ್ಕು ಪಾಠ ಓದ್ಬಿಡಿ. ಇಬ್ರೂ ಕೂತ್ಕೊಂಡು ಒಬ್ಬರಿಗೊಬ್ಬರು ಹೇಳ್ಕೊಳ್ಳಿ,” ಎಂದರು.

ಇಬ್ಬರೆಂದರೆ ನಾನು ಮತ್ತು ಎದುರು ಮನೆಯ ಗೆಳತಿ. ನಮ್ಮ ತರಗತಿಯಲ್ಲಿ ಸೈನ್ಸ್ ತೆಗೆದುಕೊಳ್ಳುತ್ತೇವೆ ಎಂದ ಹುಡುಗಿಯರು ನಾವಿಬ್ಬರೇ. ಕೋಲಾರದಲ್ಲಿ ನನ್ನ ದೊಡ್ಡಮ್ಮನ ಮನೆಯಲ್ಲಿ ಒಟ್ಟಿಗೇ ಇರುವುದೆಂದು ಎರಡೂ ಮನೆಗಳಲ್ಲಿ ಮಾತಾಗಿತ್ತು. ಮೂರು ದಿನ ನಮ್ಮ ಜಗುಲಿಯಲ್ಲಿ ಕೂತು ಓದಿದೆವು. ಅವಳು ನಿಘಂಟಿನಲ್ಲಿ ಪದ ಹುಡುಕುವಳು, ನಾನು ಅರ್ಥ ಬರೆದುಕೊಳ್ಳುವೆ. ನಾಲ್ಕನೇ ದಿನ ಅವಳು ನೋಟ್‌ಬುಕ್ ತರಲಿಲ್ಲ.

“ಪುಂಗನೂರಿಂದ ನನ್ನ ನೋಡೋಕ್ ಬರ್ತಾರಂತೆ ಕಣೇ.”

“ನೀನೇನಂದೆ?”

“ನನ್ನ ಯಾರು ಕೇಳಿದ್ರು?”

ಮೂರು ವಾರದಲ್ಲಿ ಮದುವೆ ಮುಗಿಯಿತು. ಅವಳು ಗಂಡನ ಮನೆಗೆ ಹೊರಟಾಗ ನಾನು ಹೂವಿನ ಬುಟ್ಟಿ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ಅಳುತ್ತಿದ್ದರು. ಅವಳು ಮಾತ್ರ ಅಳದೆ ನನ್ನ ಕಿವಿಯ ಹತ್ತಿರ ಬಗ್ಗಿ, “ಎಷ್ಟನೇ ಪಾಠ?” ಎಂದು ಕೇಳಿದಳು. ಎರಡು ಅಂದೆ. “ನಿಲ್ಲಿಸ್ಬೇಡ,” ಅಂದಳು.

ನಿಲ್ಲಿಸಲಿಲ್ಲ, ಆದರೆ ಓದು ಮೊದಲಿನಂತೆ ಸಾಗಲೂ ಇಲ್ಲ. ಒಂದು ಪ್ಯಾರಾದಲ್ಲಿ ಹನ್ನೆರಡು ಪದ ಹುಡುಕಿದ ಮೇಲೆ ಮೊದಲನೆಯದು ಮರೆತಿರುತ್ತಿತ್ತು. ಅರ್ಥವಾದ ಒಂದು ಸಾಲನ್ನು ಯಾರಿಗಾದರೂ ಹೇಳೋಣವೆಂದರೆ ಯಾರೂ ಇರಲಿಲ್ಲ. ಮನೆ ತುಂಬ ರೇಷ್ಮೆಹುಳು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹಸಿದಿದ್ದ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವುದರಲ್ಲಿ ಅಪ್ಪ ಅಮ್ಮನಿಗೆ ಮಾತಾಡಲೂ ಪುರುಸೊತ್ತಿಲ್ಲ. ಕೊನೆಗೆ ನಾನು ಹಿತ್ತಲಿನ ಗೋಡೆಗೆ ಪಾಠ ಹೇಳತೊಡಗಿದೆ. ಒಮ್ಮೆ ಅಪ್ಪ ಸೊಪ್ಪಿನ ಹೊರೆ ಹೊತ್ತು ಬಂದವರು ಅದನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೊರೆಯೊಂದಿಗೆ ಒಳಗೆ ಹೋದರು.

ಮೂರನೇ ಪಾಠದಲ್ಲಿ ಅಮೋನಿಯ ಎಂಬ ಅನಿಲ ಬಂತು. ಅದನ್ನು ತಯಾರಿಸಲು ಬೇಕಾದ ಉಪ್ಪಿನ ಹೆಸರನ್ನು ನಿಘಂಟಿನಲ್ಲಿ ನೋಡಿದರೆ, ಎದುರಿಗೆ ‘ನವಸಾಗರ’ ಎಂದಿತ್ತು. ನವಸಾಗರವೆಂದರೆ ಏನು? ಕನ್ನಡದ ಪದವೇ ಗೊತ್ತಿಲ್ಲವಲ್ಲ ಎಂದು ಆ ದಿನ ಪುಸ್ತಕ ಮುಚ್ಚಿಟ್ಟು ಅತ್ತುಬಿಟ್ಟೆ.

ಅದಾಗಿ ಎಂಟು-ಹತ್ತು ದಿನಕ್ಕೆ ಮುಳಬಾಗಿಲಿನಿಂದ ಕಲಾಯಿ ಸಾಬರು ಬಂದರು. ವರ್ಷಕ್ಕೊಂದು ಸಲ ಬಂದು, ಹೊಂಗೆ ಮರದಡಿ ತಿದಿ ಹೂಡಿ, ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ ಹೋಗುವ ಮುದುಕರು ಅವರು. ನಮ್ಮ ಎರಡು ಪಾತ್ರೆ ತೆಗೆದುಕೊಂಡು ಹೋಗಿ ನಿಂತಿದ್ದೆ. ಅವರು ಕಾದ ಪಾತ್ರೆಯೊಳಗೆ ಒಂದು ಚಿಟಿಕೆ ಬಿಳಿ ಪುಡಿ ಎಸೆದರು. ದಟ್ಟ ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಉಜ್ಜಿದ ಕೂಡಲೇ ಪಾತ್ರೆ ಬೆಳ್ಳಿಯಾಯಿತು.

“ಅದೇನು ಪುಡಿ, ಸಾಬ್ರೇ?”

“ನವಸಾಗರ, ಬೇಟಿ. ಇದಿಲ್ದಿದ್ರೆ ತವರ ಹಿಡ್ಯಲ್ಲ.”

ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ತಿದಿ ಒತ್ತುವುದನ್ನೇ ನಿಲ್ಲಿಸಿದರು. ಪುಸ್ತಕದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡವರು ಆ ಬೇಸಿಗೆಯಲ್ಲಿ ಅವರೊಬ್ಬರೇ.

“ನಲವತ್ತು ವರ್ಷದಿಂದ ಈ ಹೊಗೆ ಕುಡೀತಿದೀನಿ. ಪುಸ್ತಕದಲ್ಲೂ ಐತೇನು ಇದು?” ಎಂದು ನಕ್ಕು, ಅಡಿಕೆಯಷ್ಟು ದೊಡ್ಡ ಹರಳೊಂದನ್ನು ಕಾಗದದಲ್ಲಿ ಕಟ್ಟಿಕೊಟ್ಟರು. “ಬಾಯಿಗೆ ಹಾಕ್ಬೇಡ, ಕಣ್ಣಿಗೆ ತಾಗಿಸ್ಬೇಡ.”

ಮಧ್ಯಾಹ್ನ ಹಿತ್ತಲಿನಲ್ಲಿ ಅದನ್ನು ಕುಟ್ಟಿ, ಪುಸ್ತಕದಲ್ಲಿ ಹೇಳಿದ್ದಂತೆ ತೆಂಗಿನ ಚಿಪ್ಪಿನಲ್ಲಿ ಅಮ್ಮನ ಎಲೆಅಡಿಕೆಯ ಸುಣ್ಣದೊಂದಿಗೆ ಕಡ್ಡಿಯಿಂದ ಕಲಸಿದೆ. ಮೂಗಿಗೆ ರಪ್ಪನೆ ಹೊಡೆದಂತಾಯಿತು, ಕಣ್ಣಲ್ಲಿ ನೀರು ಬಂತು. ಅನಿಲ ಅದೇ ಹೌದೋ ಅಲ್ಲವೋ ನೋಡಲು ಪುಸ್ತಕ ಹೇಳುವ ಲಿಟ್ಮಸ್ ಕಾಗದ ನನ್ನಲ್ಲಿರಲಿಲ್ಲ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗುವುದು ನೆನಪಾಗಿ, ಕಾಗದದ ಚೂರಿಗೆ ಅರಿಶಿನ ಬಳಿದು ಒದ್ದೆಮಾಡಿ ಚಿಪ್ಪಿನ ಮೇಲೆ ಹಿಡಿದೆ. ಕೆಂಪಾಯಿತು! ಕಾಣದ ಗಾಳಿಯೊಂದು ನನ್ನ ಕೈಯಲ್ಲಿದ್ದ ಕಾಗದವನ್ನು ಕೆಂಪು ಮಾಡಿತ್ತು.

ಅಷ್ಟರಲ್ಲಿ ಅಮ್ಮ ಓಡಿಬಂದರು. ಸಿಟ್ಟು ಬಂದರೆ ಅವರ ಮಾತು ತೆಲುಗಿಗೆ ತಿರುಗುತ್ತಿತ್ತು.

“ಏಮೇ ಇದಿ? ಕೊಟ್ಟಿಗೆ ಗಂಜಲದ ವಾಸನೆ! ಹುಳಕ್ಕೆ ತಗುಲಿದ್ರೆ ಏನು ಗತಿ? ಇದನ್ನ ಕಲಿಯೋಕೆ ಕೋಲಾರಕ್ಕೆ ಹೋಗ್ಬೇಕಾ?”

ಚಿಪ್ಪನ್ನು ಕಾಲಿಂದ ತಿಪ್ಪೆಗೆ ತಳ್ಳಿ ಒಳಗೆ ಹೋದರು. ನಾನು ಕಾಗದ ಹಿಡಿದು ಬೀದಿ ದಾಟಿ ಎದುರು ಮನೆಗೆ ಓಡಿದೆ. ಗೆಳತಿಯ ಅಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು.

“ಅತ್ತೆ, ನೋಡಿ ಇಲ್ಲಿ!”

ಅವರು ಕಾಗದವನ್ನು ಕೈಗೆ ತೆಗೆದುಕೊಂಡು ನೋಡಿದರು. “ಅರಿಶಿನ ಅಲ್ವೇನಮ್ಮ?”

ನೋಡಿದೆ. ಓಡುವಾಗ ಗಾಳಿಗೆ ಅಮೋನಿಯ ಹಾರಿಹೋಗಿ ಕಾಗದ ಮೊದಲಿನಂತೆ ಹಳದಿಯಾಗಿತ್ತು. ವಿವರಿಸಲು ಬಾಯಿ ತೆರೆದೆ. ಅವರು ಕಾಗದವನ್ನು ಹಿಂದಕ್ಕೆ ಕೊಡದೆ ಅದನ್ನೇ ನೋಡುತ್ತ, “ಅವಳದ್ದು ಒಂದು ಕಾಗದವೂ ಬಂದಿಲ್ಲ ಕಣಮ್ಮ,” ಎಂದರು. ನಾನು ಅವರ ಪಕ್ಕ ಕೂತು ಸಂಜೆಯವರೆಗೆ ಮೆಣಸಿನಕಾಯಿಯ ತೊಟ್ಟು ಬಿಡಿಸಿದೆ.

ಮಿಕ್ಕ ದಿನಗಳಲ್ಲಿ ನಾಲ್ಕನೇ ಪಾಠವನ್ನೂ ಮುಗಿಸಿ ಕೋಲಾರಕ್ಕೆ ಒಬ್ಬಳೇ ಬಸ್ಸು ಹತ್ತಿದೆ.

ಮೊದಲ ಕೆಮಿಸ್ಟ್ರಿ ತರಗತಿಯಲ್ಲಿ ಉಪನ್ಯಾಸಕರು ನನ್ನನ್ನೇ ಎಬ್ಬಿಸಿ ಓದಲು ಹೇಳಿದರು. ಕ್ಲೋರಿನ್ ಎನ್ನುವುದನ್ನು ‘ಚ್ಲೋರಿನ್’ ಎಂದೂ, ಐಯಾನ್ ಎನ್ನುವುದನ್ನು ‘ಇಯಾನ್’ ಎಂದೂ ಓದಿದೆ. ಆ ಪದಗಳ ಇಂಗ್ಲಿಷ್ ಅಕ್ಷರಗಳನ್ನು ಅದುವರೆಗೆ ಯಾರೂ ನನಗೆ ಓದಿ ಹೇಳಿರಲಿಲ್ಲ. ಹುಡುಗರ ಬೆಂಚುಗಳು ಗೊಳ್ಳೆಂದವು. ಮುಂದೆ ಓದಲಾಗದೆ ನಿಂತುಬಿಟ್ಟೆ.

ಉಪನ್ಯಾಸಕರು ನಗಲಿಲ್ಲ. “ಯಾರು ಹೇಳಿಕೊಟ್ಟಿದ್ದಮ್ಮ ನಿನಗೆ?”

“ಯಾರೂ ಇಲ್ಲ ಸಾರ್.”

“ಯಾರೂ ಇಲ್ದೆ ಓದಿರೋರು ಮಾತ್ರ ಹೀಗೆ ಓದೋದು,” ಎಂದು ತರಗತಿಯ ಕಡೆ ತಿರುಗಿ ಹೇಳಿದರು. ಆಮೇಲೆ ನನಗೆ, “ಓದು. ಪುಟ ಮುಗೀಲಿ.”

ಓದಿದೆ. ಅವರು ಒಂದೊಂದು ತಪ್ಪಿಗೂ ನಿಲ್ಲಿಸಿ ತಿದ್ದಿದರು, ನಾನು ಎರಡೆರಡು ಸಲ ಹೇಳಿದೆ. ಆ ಪುಟ ಮುಗಿಯುವುದಕ್ಕೆ ಪೀರಿಯಡ್ಡೇ ಹಿಡಿಯಿತು.