ರೋಸೇರನ ಬೆರಳು

ನಮ್ಮ ಬೀದಿಯ ರೋಸೇರ್ ಪೆಲ್ಕಿಗೆ ಕಿವಿ ಹೋದದ್ದು ಕಾಗದದ ಮಿಲ್ಲಿನಲ್ಲಿ. ಅದೇನು ದೊಡ್ಡ ಸುದ್ದಿಯಲ್ಲ. ಮೇನ್ ರಾಜ್ಯದ ಈ ನದಿ ದಂಡೆಯಲ್ಲಿ ಅರ್ಧಕ್ಕರ್ಧ ಗಂಡಸರು ಎದುರಿನವರ ತುಟಿ ನೋಡಿಯೇ ಉತ್ತರ ಕೊಡುತ್ತಾರೆ. ಗದ್ದಲದಲ್ಲಿ ಯಂತ್ರದ ನರಳಾಟ ಕೇಳಿಸದ ಕಾರಣ ರೋಸೇರ್ ಬೇರಿಂಗಿನ ಮೇಲೆ ಬೆರಳಿಟ್ಟು ಬಿಸಿ ನೋಡುತ್ತಿದ್ದ. ಯಾವುದು ಇವತ್ತೇ ಕೈಕೊಡುತ್ತದೆ, ಯಾವುದು ಇನ್ನೊಂದು ವಾರ ಓಡುತ್ತದೆ ಎಂದು ಹೇಳಿಬಿಡುತ್ತಿದ್ದ. ಮಿಲ್ಲು ಮುಚ್ಚಿದ ಮೇಲೆ ಅದೇ ಬೆರಳನ್ನು ಊರವರ ಕಂಪ್ಯೂಟರುಗಳ ಮೇಲಿಟ್ಟ. ರಿಪೇರಿಗೆಂದು ಅವನ ನೆಲಮಾಳಿಗೆಗೆ ಜನ ಬಂದು ಹೋಗುತ್ತಲೇ ಇದ್ದರು.

ಹೋದ ವರ್ಷ ಕ್ಯಾನ್ಸರ್ ಬಂತು. ಕೀಮೋ ಮುಗಿಸಿಕೊಂಡು ಬಂದವನು ನೆಲಮಾಳಿಗೆಯ ಮೆಟ್ಟಿಲು ಇಳಿಯಲೇ ಇಲ್ಲ. ಪಾಪ, ತೊಂದರೆ ಕೊಡಬಾರದು ಎಂದು ಜನರೂ ಬರುವುದನ್ನು ಬಿಟ್ಟರು. ಇಂಥ ಒಳ್ಳೆಯತನ ಕಂಡರೆ ನನಗೆ ಮೈ ಉರಿಯುತ್ತದೆ. ಅವನ ಹೆಂಡತಿ ಕ್ಲೋಡೆಟ್ ಒಂದು ದಿನ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ, ರಿಪೇರಿಗೆ ಏನಾದರೂ ತಂದುಕೊಡು ಎಂದು ಕೇಳಿಕೊಂಡಳು. ಒಂದನ್ನು ಸರಿಮಾಡಿದರೆ ಅವನು ಮತ್ತೆ ಮನುಷ್ಯನಾಗುತ್ತಾನೆ, ಇಲ್ಲದಿದ್ದರೆ ಆ ಕುರ್ಚಿಯಲ್ಲೇ ಕರಗಿಹೋಗುತ್ತಾನೆ ಎಂಬುದು ಅವಳ ಹೆದರಿಕೆ. ಸೂಪನ್ನು ಕೂಡ ಪೂರ್ತಿ ಆರುವ ತನಕ ಮುಟ್ಟುವುದಿಲ್ಲವಂತೆ.

ನಾನು ಸುಳ್ಳು ನೆಪ ಹುಡುಕಬೇಕಾಗಿರಲಿಲ್ಲ. ನನ್ನ ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿ, ಕಾದು, ಹೇಳದೆ ಕೇಳದೆ ಆಫ್ ಆಗುತ್ತಿತ್ತು.

ರೋಸೇರ್ ಗೊಣಗುತ್ತಲೇ ಕೆಳಗಿಳಿದ. ಪೆಟ್ಟಿಗೆ ಬಿಚ್ಚಿದ್ದೇ ತಡ, ಹಳೆಯ ನಾಲಿಗೆ ವಾಪಸ್ ಬಂತು.

“ನಾರ್ಮಾ, ಇದ್ರೊಳಗೆ ಕೋಳಿ ಸಾಕಿದ್ಯೇನೇ?”

ಧೂಳು ಊದಿ ತೆಗೆದ. ಫ್ಯಾನ್ ತಿರುಗುವುದನ್ನು ಕಣ್ಣಿಂದ ನೋಡಿಕೊಂಡ. ಆದರೂ ಆಫ್ ಆಯಿತು. ಪ್ರೊಸೆಸರ್ ಚಿಪ್ ಮೇಲೆ ಅದರ ಬಿಸಿ ಹೀರಿಕೊಳ್ಳಲೆಂದು ಕೂರಿಸಿರುವ ಅಲ್ಯೂಮಿನಿಯಂ ಗಟ್ಟಿಯ ಮೇಲೆ ಬೆರಳಿಟ್ಟು, ತಣ್ಣಗಿದೆ ಎಂದ. ಕೆಳಗೆ ಬೇಯುತ್ತಿದೆ, ಮೇಲೆ ತಣ್ಣಗಿದೆ, ಅಂದರೆ ಬಿಸಿ ಹತ್ತುತ್ತಿಲ್ಲ, ಬಿಸಿ ದಾಟಿಸಲೆಂದು ನಡುವೆ ಹಚ್ಚಿರುವ ಪೇಸ್ಟ್ ಒಣಗಿದೆ ಎಂದು ವಿವರಿಸಿದ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹಳೆಯದನ್ನು ಒರೆಸಿ ಹೊಸ ಪೇಸ್ಟ್ ಹಚ್ಚಿದ. ಅಷ್ಟು ಹೊತ್ತೂ ನಗುತ್ತಿದ್ದ.

ಮತ್ತೆ ಆಫ್ ಆಯಿತು. ಮತ್ತೆ ಬೆರಳಿಟ್ಟ, ಈ ಸಲ ತುಂಬಾ ಹೊತ್ತು. ತಣ್ಣಗೇ ಇದೆ ಎಂದವನ ಮುಖ ಸಣ್ಣದಾಯಿತು. ಆಗ ನಾನು ಅವನ ಬೆರಳಿನ ತುದಿ ನೋಡಿದೆ. ಚರ್ಮ ಬೆಳ್ಳಗಾಗಿ ಬೊಬ್ಬೆ ಏಳುತ್ತಿತ್ತು. ನಾನೂ ಗಟ್ಟಿಯನ್ನು ಮುಟ್ಟಿ, ಚಟ್ಟನೆ ಕೈ ಎಳೆದುಕೊಂಡೆ.

“ಕೆಂಡ ಇದ್ದಂಗಿದೆ, ರೋಸೇರ್.”

ಅವನು ನನ್ನ ತುಟಿಯನ್ನೇ ನೋಡುತ್ತ ನಿಂತ. ಆಮೇಲೆ ತನ್ನ ಬೆರಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಕೀಮೋ ಆದ್ಮೇಲೆ ಕಾಲು ಜೋಮು ಹಿಡೀತು,” ಎಂದ. “ಕೈ ಆದ್ರೂ ಉಳಿಯುತ್ತೆ ಅಂದ್ಕೊಂಡಿದ್ದೆ. ಕ್ಲೋಡೆಟ್‌ಗೆ ಹೇಳ್ಬೇಡ.”

ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಅವನಿಗೆ ಸಿಟ್ಟು ಬಂತು.

“ಅತ್ತಿದ್ದು ಸಾಕು. ಎಷ್ಟು ಬಿಸಿ ಇದೆ, ಅದನ್ನ ಹೇಳು.”

ನನ್ನ ಮಣಿಕಟ್ಟು ಹಿಡಿದು, ನನ್ನ ಬೆರಳನ್ನು ಅಲ್ಲಲ್ಲಿ ತಾಗಿಸಿ ಕೇಳುತ್ತ ಹೋದ. ಬಿಸಿ ಸರಿಯಾಗಿಯೇ ಮೇಲೆ ಹತ್ತುತ್ತಿತ್ತು, ಅದನ್ನು ಹೊರಗೆ ತಳ್ಳುವ ಗಾಳಿ ಸಾಲುತ್ತಿರಲಿಲ್ಲ. ಫ್ಯಾನ್ ತಿರುಗುತ್ತಿದ್ದರೂ ಸೋತು ತಿರುಗುತ್ತಿತ್ತು. ಅದರ ಕರಕರ ಮೊದಲಿನಿಂದಲೂ ನನ್ನ ಕಿವಿಗೆ ಬೀಳುತ್ತಿತ್ತು, ಅದೂ ಒಂದು ರೋಗ ಎಂದು ನನಗೇನು ಗೊತ್ತು? ಹಳೆಯ ಡಬ್ಬದಿಂದ ಬೇರೆ ಫ್ಯಾನ್ ತೆಗೆದು ಹಾಕಿದ. ಕಂಪ್ಯೂಟರ್ ಆಮೇಲೆ ನಿಲ್ಲಲಿಲ್ಲ. ರೋಸೇರ್ ಸ್ಕ್ರೂಡ್ರೈವರುಗಳನ್ನೆಲ್ಲ ಒರೆಸಿ, ಡಬ್ಬಕ್ಕೆ ಹಾಕಿ ಮುಚ್ಚಿದ.

ಮೇಲೆ ಕ್ಲೋಡೆಟ್ ಬಟಾಣಿ ಸೂಪು ಬಡಿಸುತ್ತಿದ್ದಳು. ಸರಿಹೋಯಿತು ಎಂದು ಕೇಳಿದ್ದೇ ಅವಳ ಮುಖ ಅರಳಿತು. ಭಾನುವಾರ ಚರ್ಚಿನಲ್ಲಿ ಎಲ್ಲರಿಗೂ ಹೇಳುತ್ತೇನೆ, ಇನ್ನು ಮನೆ ತುಂಬ ಕಂಪ್ಯೂಟರುಗಳು ಬರುತ್ತವೆ ಎಂದಳು. ಅಷ್ಟರಲ್ಲಿ ಅವನ ಬೆರಳಿನ ಬೊಬ್ಬೆ ಕಂಡಳು. ಕೆಲಸದ ಆತುರದಲ್ಲಿ ಸುಟ್ಟುಕೊಂಡಿದ್ದಾನೆ ಎಂದು ನಗುತ್ತ ಬೈದು, ನಲ್ಲಿಯ ಕೆಳಗೆ ಹಿಡಿಸಿದಳು. ಆಮೇಲೆ ಆ ಕೈಯನ್ನು ಬಾಯಿಯ ಹತ್ತಿರ ತಂದು ಮಕ್ಕಳಿಗೆ ಊದುವಂತೆ ಮೆಲ್ಲಗೆ ಊದಿದಳು.

“ಉರಿ ಕಮ್ಮಿ ಆಯ್ತಾ?”

ಅವನು ನನ್ನ ಕಡೆ ಒಂದು ಸಲ ನೋಡಿದ.

“ಹೂಂ ಕಣೇ,” ಎಂದ. “ಈಗ ಹಾಯಾಗಿದೆ.”