ಆಫೀಸರನ ಬೂಟು

ಜೆಪ್ಪುವಿನ ನಮ್ಮ ಪಕ್ಕದ ಮನೆಯ ಯಜಮಾನರು, ಪ್ರತಿ ವರ್ಷ ಶಾಲಾ ಮೈದಾನದಲ್ಲಿ ನಾವು ಆಡುವ ಸ್ವಾತಂತ್ರ್ಯ ಹೋರಾಟದ ರೂಪಕದಲ್ಲಿ ಬ್ರಿಟಿಷ್ ಅಧಿಕಾರಿ. ಬೇರೆ ಪಾತ್ರ ಕೊಟ್ಟರೆ ಅವರಿಗೆ ಸೊಂಟನೋವು ಬರುತ್ತಿತ್ತು. "ಎಲ್ಲ ಅಸಲಿ ಆಗ್ಬೇಕು ಮಾರಾಯ" ಎನ್ನುವುದು ಅವರ ಮಂತ್ರ. ಅದಕ್ಕೇ ದಂಗೆಕೋರರಾದ ನಮ್ಮನ್ನೆಲ್ಲ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಿದ್ದರು.

ಒಮ್ಮೆ ಅವರು ಬೂಟು ಕೊಳ್ಳಲು ಕುದ್ರೋಳಿಯ ಹಳೆ ಮಿಲಿಟರಿ ಸಾಮಾನಿನ ಅಂಗಡಿಗೆ ಹೊರಟಾಗ ನಾನೂ ಜೊತೆಗಿದ್ದೆ.

"ಈ ಆಫೀಸರ್ ಬೂಟು ನಿಮಗೆ ಬಿಗಿ ಆಗ್ತದೆ ಸರ್. ಸಿಪಾಯಿಯದ್ದು ನಿಮ್ಮ ಸೈಜಿಂದು ಉಂಟು" ಎಂದರು ಅಂಗಡಿಯ ಮಾಲಕರಾದ ಬ್ಯಾರಿ.

"ಸಿಪಾಯಿಯದ್ದು ನನಗೆ ಎಂತಕ್ಕೆ?" ಎನ್ನುತ್ತ ಇವರು ಆಫೀಸರನ ಬೂಟಿನೊಳಗೆ ಕಾಲು ತುರುಕಿದರು.

ರೂಪಕ ಮುಗಿದು ಸಭೆಯ ದೀಪ ಬೆಳಗಲು ಇವರನ್ನೂ ಕರೆದಾಗ ಅತಿಥಿಗಳೆಲ್ಲ ಚಪ್ಪಲಿ ಕಳಚಿದರು. ಇವರ ಬೂಟು ಮಾತ್ರ ಬಾತ ಕಾಲಿನಿಂದ ಕದಲಲಿಲ್ಲ. ಕುರ್ಚಿಯಲ್ಲಿ ಕುಳಿತು, ಆಗಷ್ಟೇ ತಾವು ಗಲ್ಲಿಗೇರಿಸಿದ್ದ ದಂಗೆಯ ನಾಯಕನತ್ತ ಕಾಲು ಚಾಚಿದರು. ಅವನು ಮಂಡಿಯೂರಿ ಎಳೆಯತೊಡಗಿದ.

"ಮೆಲ್ಲ ಎಳೆ ಮಾರಾಯ, ಪಾಲಿಶ್ ಹೋಗ್ತದೆ" ಎಂದರು.

ಅಷ್ಟು ವರ್ಷಗಳಲ್ಲಿ ಅವರ ಬ್ರಿಟಿಷ್ ಅಧಿಕಾರಿ ಅಸಲಿಯಾಗಿ ಕಂಡದ್ದು ಆಗ ಮಾತ್ರ. ಆಗ ಅವರು ಅಭಿನಯಿಸುತ್ತಿರಲಿಲ್ಲ.